ಸಹಾಯ ಬೇಕು: ವಿದೇಶದಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್, ಮೊದಲ ವಾರ

ಎಲ್ಲರಿಗೂ ನಮಸ್ಕಾರ. ವಿದೇಶದ ಶಾಲೆಯೊಂದರಲ್ಲಿ 6-7 ವರ್ಷದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಸೇರಿ ಇವತ್ತಿಗೆ 4 ದಿನ. ಅವರ ಭಾಷೆ ನನಗೆ ಬರುವುದಿಲ್ಲ. ‘ಸ್ಟ್ಯಾಂಡ್ ಅಪ್’, ‘ಜಂಪ್’ ಅಂತ ನಾನೇ ಮಾಡಿ ತೋರಿಸಿದರೆ ಎಲ್ಲರೂ ಖುಷಿಯಿಂದ ಕುಣಿಯುತ್ತಾರೆ, ಆದರೆ ಪುಸ್ತಕ ತೆಗೆದ ಕೂಡಲೇ ಗಲಾಟೆ ಶುರು. ಕಿಟಕಿ ಪಕ್ಕದ ಹುಡುಗಿ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಪೆನ್ಸಿಲ್ ತೋರಿಸಿ ಇದೇನು ಅಂತ ಕೇಳಿದರೆ, ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ತಲೆ ತಗ್ಗಿಸುತ್ತಾಳೆ. ಹೊಸ ಭಾಷೆ ಕಲಿಯುವ ಮಕ್ಕಳು ಮೊದಲು ಸುಮ್ನೆ ಕೇಳಿಸಿಕೊಳ್ಳುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತದೆ ಅಲ್ವಾ, ಹಾಗಾಗಿ ಬಲವಂತ ಮಾಡಲು ನನಗೆ ಇಷ್ಟವಿಲ್ಲ. ಆದರೆ ಮಾತಾಡಿಸದೆಯೇ ಅವಳನ್ನು ಆಟದೊಳಗೆ ಸೇರಿಸಿಕೊಳ್ಳುವುದು ಹೇಗೆ? ಚಿತ್ರದ ಕಾರ್ಡ್ ಹಂಚುವ ಕೆಲಸ ಕೊಡಲಾ? ಕುಣಿದ ಮಕ್ಕಳನ್ನು ಮತ್ತೆ ಕೂರಿಸಲು ನೀವು ಏನು ಮಾಡುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ, ನಾಳೆ ಬೆಳಿಗ್ಗೆ ಮತ್ತೆ ಅದೇ ಕ್ಲಾಸ್ ಇದೆ.