ಇಎಸ್‌ಐ ಮಾಡ್ಸಿದ್ರ ಬಿಪಿಎಲ್ ಕಾರ್ಡ್ ಹೋಗ್ತೈತೇನ್ರಿ? ಬಳ್ಳಾರಿ ಜೀನ್ಸ್ ಕೆಲಸದೋರು ಹೇಳ್ರಿ

ಓವರ್‌ಲಾಕ್ ಹುಡುಗ:
ನಮಸ್ಕಾರ ಎಲ್ಲಾರಿಗೂ. ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಾಗ ಓವರ್‌ಲಾಕ್ ಮೆಷೀನ್ ಮ್ಯಾಲೆ ಕುಂದರ್ತೀನಿ, ಪೀಸ್ ಲೆಕ್ಕ, ತಿಂಗಳಿಗೆ 14,000 ಬೀಳ್ತೈತಿ. ಈಗ ಮಾಲಕ್ರು ಇಎಸ್‌ಐ, ಅಂದ್ರ ಕೆಲಸದೋರ ಸರ್ಕಾರಿ ವಿಮೆ, ಮಾಡಿಸ್ತೀವಿ, ಪಗಾರ ಬ್ಯಾಂಕಿಗೆ ಹಾಕ್ತೀವಿ, ಆದ್ರ 560 ರೂಪಾಯಿ ಹಿಡೀತೀವಿ ಅಂತಾರ. ನನ್ನ ಚಿಂತಿ ಅದಲ್ಲ. ಪಗಾರ ದಾಖಲೆಗೆ ಬಂದ್ರ ವರ್ಷಕ್ಕ 1.68 ಲಕ್ಷ ಆತು, ಬಿಪಿಎಲ್‌ಗೆ 1.20 ಲಕ್ಷದ ಮಿತಿ ಐತಿ. ಅಕ್ಕಿ ಹೋದ್ರ ಹೋಗ್ಲಿ ಬಿಡ್ರಿ, ಅವ್ವಗ ಹೋದ ವರ್ಷ ಸ್ಟೆಂಟ್ ಹಾಕ್ಸಿದ್ದು ಅದೇ ಕಾರ್ಡ್ ಮ್ಯಾಲೆ, ಕೈಯಿಂದ ಬಸ್ ಚಾರ್ಜ್ ಬಿಟ್ಟು ಏನೂ ಖರ್ಚಾಗಿಲ್ಲ. ಬ್ಯಾಡ ಅಂದುಬಿಡ್ಲೇನು?

ಲೆಕ್ಕದ ಮನುಷ್ಯ:
ತಮ್ಮಾ ಮೊದ್ಲು ಆ 560 ಕೇಳು. ನಿನ್ನ ಪಾಲು 0.75 ಪರ್ಸೆಂಟ್, ಅಂದ್ರ 105 ರೂಪಾಯಿ. ಉಳಿದ 455 ಮಾಲಕರ ಪಾಲು, 3.25 ಪರ್ಸೆಂಟ್, ಅದನ್ನ ನಿನ್ನ ಪಗಾರದಾಗ ಮುರ್ಕೊಳ್ಳಂಗಿಲ್ಲ, ಕಾಯ್ದೆನೇ ಹಂಗೈತಿ. ಪೀಸ್ ಲೆಕ್ಕದೋರಿಗೂ ಬರ್ತೈತಿ, ಪಗಾರ 21,000 ದಾಟಬಾರದು ಅಷ್ಟ. ಕಾರ್ಡ್ ವಿಷಯ ನೀ ಹೆದರೋದು ಸುಳ್ಳಲ್ಲ. ಬಿಪಿಎಲ್‌ನೋರಿಗೆ ಆಯುಷ್ಮಾನ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ, ಎಪಿಎಲ್ ಆದ್ರ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ರೇಟಿನ 30 ಪರ್ಸೆಂಟ್ ಮಾತ್ರ, ಅದೂ 1.5 ಲಕ್ಷದ ತನಕ. ಆದ್ರ ಅವ್ವ ನಿನ್ನ ಮ್ಯಾಲೇ ಇದ್ರ ಇಎಸ್‌ಐನಾಗೂ ಆಕಿ ಹೆಸರು ಸೇರಿಸಬಹುದು. ಇದನ್ನ ಯಾರೂ ಹೇಳಂಗಿಲ್ಲ.

ಒಂಬತ್ತು ಮೆಷೀನ್:
ನಾನೂ ಸಣ್ಣ ಯೂನಿಟ್ ಇಟ್ಟೀನಿ, ಬೈಯ್ಯೋರು ಬೈರಿ. 10 ಮಂದಿ ಆದ್ರ ಇಎಸ್‌ಐ ಬರ್ತೈತಿ ಅಂತ 9 ಮಂದೀನ ಒಳಗ ಇಟ್ಕೊಂಡು, ಕಾಜಾ ಬಟನ್, ದಾರ ಕಟ್ ಮಾಡೋದು ಎಲ್ಲಾ ಮನಿಮನಿಗೆ ಕೊಡ್ತೀವಿ, ಎರಡು ವರ್ಷ ನಾನೂ ಅದೇ ಮಾಡೀನಿ, ಸುಳ್ಳ್ಯಾಕ ಹೇಳ್ಲಿ. 12 ಮಂದಿಗೆ ಅಂದ್ರ, 14,000 ಪಗಾರದ ಲೆಕ್ಕದಾಗ, ತಿಂಗಳಿಗೆ 5,460 ಆಗ್ತೈತಿ ನಮ್ ಪಾಲು, ಆರ್ಡರ್ ಇದ್ದಾಗ ಏನಲ್ಲ, ಇಲ್ದಾಗ ಗೊತ್ತಾಗ್ತೈತಿ. ಒಮ್ಮೆ ಒಳಗ ಬಂದ್ರ ಆಮ್ಯಾಲೆ ಮಂದಿ ಆರಕ್ಕ ಇಳಿದ್ರೂ ಕಟ್ಟಬೇಕು. ಹಂಗಾಗಿ ಹತ್ತನೇ ಹುಡುಗನ್ನ ತೊಗೊಳೋಕ ಕೈ ನಡುಗ್ತೈತಿ. ಆದ್ರ ಹುಡುಗರ ತಲಿ ಮ್ಯಾಲೆ 560 ಹಾಕೋದು ತಪ್ಪು, ಅದನ್ನ ನಾ ಮಾಡಿಲ್ಲ.

ಸಂಡೂರು ಸೊಸಿ:
ಅಣ್ಣಾರ ಒಂದು ಮಾತು. ನಮ್ ಮನಿಯವರು ವಾಷಿಂಗ್ ಯೂನಿಟ್‌ನಾಗ ಅದಾರ, ಡ್ರಮ್ಮಿನ ಬಾಗಿಲಿಗೆ ಕೈ ಸಿಕ್ಕು ಮೂರು ಬೆರಳು ಬಾತು ಬದನಿಕಾಯಿ ಆಗಿದ್ವು. ಕೆಲಸದಾಗ ಆದ ಪೆಟ್ಟು ಅಂತ ವಾಸಿ ಆಗೋತನ ಪಗಾರದ 90 ಪರ್ಸೆಂಟ್ ಇಎಸ್‌ಐದಿಂದ ಬಂತು. ಆಯುಷ್ಮಾನ್ ಕಾರ್ಡ್ ಆಪರೇಷನ್ ಮಾಡಿಸ್ತೈತಿ, ಮನ್ಯಾಗ ಕುಂತ ದಿನಕ್ಕ ರೊಕ್ಕ ಕೊಡಂಗಿಲ್ಲ. ಅದಕ್ಕೂ ಮುಂಚೆ ಅವ್ರಿಗೆ ಕಾಮಾಲೆ ಆದಾಗ ಇಎಸ್‌ಐ ಇರಲಿಲ್ಲ, ಬಡ್ಡಿ ಸಾಲ ಇನ್ನೂ ತೀರಿಲ್ಲ ನೋಡ್ರಿ.

ಲೆಕ್ಕದ ಮನುಷ್ಯ:
ಅಕ್ಕಾರು ಹೇಳಿದ್ದು ಖರೇ. ಸಾದಾ ಕಾಯಿಲೆಗೆ 70 ಪರ್ಸೆಂಟ್, ವರ್ಷಕ್ಕ 91 ದಿನದ ತನಕ. ಆದ್ರ ಅದಕ್ಕ ಆರು ತಿಂಗಳ ಅವಧಿಯಾಗ 78 ದಿನದ ಕಂತು ಕಟ್ಟಿರಬೇಕು, ಆಫ್ ಸೀಸನ್‌ನಾಗ ಮನಿಗೆ ಕಳಿಸ್ತಾರಲ್ಲ, ಅಲ್ಲೇ ಸಿಕ್ಕಿಬೀಳ್ತಾರ ನಮ್ಮ ಮಂದಿ. ಹಾಜರಿ ಬುಕ್ಕಿನ ಫೋಟೋ ತೆಗೆದಿಟ್ಕೋ.

ಓವರ್‌ಲಾಕ್ ಹುಡುಗ:
ಥ್ಯಾಂಕ್ಸ್ ರೀ ಎಲ್ಲಾರಿಗೂ. 105 ಅಂತ ಹೇಳಿದ್ರ ಮಾಲಕ್ರು ಪೀಸಿಗೆ ಹತ್ತು ಪೈಸೆ ಕಮ್ಮಿ ಮಾಡ್ತಾರೇನೋ, ಅದೊಂದು ಅಂಜಿಕಿ. ನಾಳೆ ಟೀ ಟೈಮಿನ್ಯಾಗ ನಾಕು ಮಂದಿ ಕೂಡೇ ಹೋಗಿ ಕೇಳ್ತೀವಿ.