ಒಂದು ಕಾದಂಬರಿ, ಎಂಟು ಮನೆ, ಒಂದು ನೋಟುಪುಸ್ತಕ

ಕೇಳಿದವರು: ವಿದ್ಯಾರಣ್ಯಪುರದ ಓದುಗರು

ನಾವು ಎಂಟು ಜನ ಗೆಳತಿಯರು, 1984ರಲ್ಲಿ ಒಟ್ಟಿಗೆ ಬಿ.ಎ. ಮುಗಿಸಿದವರು. ಐವರು ಬೆಂಗಳೂರಿನಲ್ಲೇ ಇದ್ದೇವೆ. ಆದರೆ ಒಬ್ಬಳು ಕೆಂಗೇರಿಯಲ್ಲಿ, ಇನ್ನೊಬ್ಬಳು ಹೊಸಕೋಟೆಯ ಕಡೆ. ಮುಖ ನೋಡುವುದು ಮದುವೆ ಮನೆಗಳಲ್ಲಿ ಮಾತ್ರ. ಉಳಿದ ಮೂವರು ಮೈಸೂರು, ಶಿವಮೊಗ್ಗ ಮತ್ತು ಪುಣೆಯಲ್ಲಿದ್ದಾರೆ. ಒಂದು ಕಾದಂಬರಿಯ ಒಂದೇ ಪ್ರತಿಯನ್ನು ಅಂಚೆಯಲ್ಲಿ ಸುತ್ತಿಸಿ, ಓದುವಾಗ ಅನಿಸಿದ್ದನ್ನು ಎಲ್ಲರೂ ಬರೆದಿಡಬೇಕೆಂಬ ಆಸೆ ಹುಟ್ಟಿದೆ. ಮೊಬೈಲಿನಲ್ಲಿ ಗುಂಪು ಮಾಡಿ ನೋಡಿದೆವು. ಎರಡು ದಿನ ಕಾದಂಬರಿಯ ಮಾತು ನಡೆಯಿತು, ಮೂರನೆಯ ದಿನದಿಂದ ಶುಭೋದಯದ ಹೂವುಗಳು ಬರತೊಡಗಿದವು.

ಯಾರಾದರೂ ಹೀಗೆ ಮಾಡಿದ್ದೀರಾ? ಪುಸ್ತಕ ಕಳೆದುಹೋಗದಂತೆ ಹೇಗೆ ಕಳಿಸಬೇಕು? ಪುಟದ ಅಂಚಿನಲ್ಲೇ ಬರೆಯುವುದೋ, ಬೇರೆ ನೋಟುಪುಸ್ತಕ ಇಡುವುದೋ? ಒಬ್ಬಳು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತರೆ ಏನು ಮಾಡಬೇಕು? ಆ ಒಬ್ಬಳು ಯಾರೆಂದು ನಮಗೆಲ್ಲ ಗೊತ್ತಿದೆ. ಅವಳಿಗೂ ಗೊತ್ತಿದೆ.

ಬಸವನಗುಡಿಯಿಂದ, ನಿವೃತ್ತ ಕನ್ನಡ ಅಧ್ಯಾಪಕಿ

ನಾವು ಏಳು ಜನ ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲನೆಯದು ಕೆಟ್ಟಿತು, ಎರಡನೆಯದು ಕೂಡಿಬಂತು. ಕೆಟ್ಟದ್ದನ್ನೇ ಮೊದಲು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲ ಸಲ ಪುಟದ ಅಂಚಿನಲ್ಲೇ ಬರೆಯುವುದೆಂದು ಗೊತ್ತುಮಾಡಿದೆವು. ಮೊದಲು ಓದಿದವಳು ನಾನು. ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರುತ್ತದೆಯೇ? ಮೂರನೆಯ ಅಧ್ಯಾಯದ ಪಕ್ಕದಲ್ಲಿ ‘ಇಲ್ಲಿ ಲೇಖಕರು ಎಡವಿದ್ದಾರೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ನನ್ನ ನಂತರ ಓದಿದ ಆರು ಜನರಿಗೂ ಲೇಖಕರು ಸರಿಯಾಗಿ ಅಲ್ಲಿಯೇ ಎಡವಿದರು! ಪುಸ್ತಕ ಮರಳಿ ಬಂದಾಗ ಏಳು ಜನರ ಅಭಿಪ್ರಾಯವೆಂದು ಸಿಕ್ಕಿದ್ದು ನನ್ನ ಒಬ್ಬಳ ಅಭಿಪ್ರಾಯ, ಏಳು ಕೈಬರಹಗಳಲ್ಲಿ.

ಎರಡನೆಯ ಸಲ ಬೇರೆ ನೋಟುಪುಸ್ತಕ ಇಟ್ಟೆವು. ಕಾದಂಬರಿಯಲ್ಲಿ ಪೆನ್ಸಿಲಿನ ಗೆರೆ ಕೂಡ ಇಲ್ಲ. ನೋಟುಪುಸ್ತಕದ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುವುದು, ಎಡಗಡೆ ಖಾಲಿ. ಬರೆದು ಮುಗಿಸಿದವರು ತಮ್ಮ ಹಾಳೆಗಳನ್ನು ಒಟ್ಟುಗೂಡಿಸಿ ಅಂಚಿಗೆ ಗುಂಡುಸೂಜಿ ಚುಚ್ಚಬೇಕು. ಮುಂದಿನವರು ಕಾದಂಬರಿ ಓದಿ, ತಮ್ಮದನ್ನು ಬರೆದು, ಆಮೇಲೆ ಹಿಂದಿನವರ ಸೂಜಿ ಬಿಚ್ಚಬೇಕು. ಯಾರೂ ಕಾವಲು ಕೂರಲಿಲ್ಲ. ಆದರೆ ತುಕ್ಕು ಹಿಡಿದ ಆ ಪುಟ್ಟ ಸೂಜಿಗೆ ಬೀಗಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿತು. ಕಾದಂಬರಿ ಒಂದು ಸುತ್ತು ಮುಗಿಸಿದ ಮೇಲೆ ನೋಟುಪುಸ್ತಕವೊಂದೇ ಮತ್ತೊಂದು ಸುತ್ತು ಹೋಯಿತು. ಎಡಗಡೆಯ ಪುಟಗಳು ತುಂಬಿದ್ದು ಆಗ. ಅವು ಒಬ್ಬರಿಗೊಬ್ಬರು ಕೊಟ್ಟ ಮರುಮಾತುಗಳು.

ಏನು ಬರೆಯಬೇಕು ಎಂಬುದಕ್ಕೂ ಒಂದು ಕಟ್ಟುಪಾಡು ಬೇಕು. ‘ಚೆನ್ನಾಗಿದೆ’, ‘ಮನಮುಟ್ಟುವಂತಿದೆ’ ಎಂಬ ಎರಡು ಮಾತುಗಳನ್ನು ನಾವು ನಿಷೇಧಿಸಿದೆವು. ಪುಟಸಂಖ್ಯೆ, ತಾರೀಖು, ಓದುತ್ತಿದ್ದ ಜಾಗ, ಪುಸ್ತಕ ಎಲ್ಲಿ ಮುಚ್ಚಿಟ್ಟಿರಿ, ಏಕೆ ಮುಚ್ಚಿಟ್ಟಿರಿ: ಇಷ್ಟು ಕಡ್ಡಾಯ. ‘ಪುಟ 88, ಕುಕ್ಕರ್ ಕೂಗಿತು’ ಎಂದು ಬರೆದರೂ ನಡೆಯುತ್ತದೆ. ಮೂವರು ಒಬ್ಬರಿಗೊಬ್ಬರು ತಿಳಿಯದಂತೆ ಅದೇ ಹತ್ತು ಪುಟಗಳೊಳಗೆ ಪುಸ್ತಕ ಮುಚ್ಚಿಟ್ಟಿದ್ದಾರೆ ಎಂದರೆ ಅಲ್ಲಿ ಕುಕ್ಕರಿನ ತಪ್ಪಿಲ್ಲ.

ಒಂದು ಪುಟದ ಕಥೆ ಹೇಳಿಬಿಡುತ್ತೇನೆ. ಕಾದಂಬರಿಯ ಹೆಸರು ಬೇಡ, ಹೇಳಿದರೆ ಇಲ್ಲೇ ವಾದ ಶುರುವಾಗುತ್ತದೆ. 212ನೇ ಪುಟದಲ್ಲಿ ಹಿರಿಯ ಸೊಸೆ ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಹೊಸ್ತಿಲ ತನಕ ಬಂದವಳು ಹಿಂದಿರುಗಿ, ತವರಿನಿಂದ ತಂದ ಹಿತ್ತಾಳೆ ಚೊಂಬೊಂದನ್ನು ಮಾತ್ರ ಎತ್ತಿಕೊಂಡು ಹೋಗುತ್ತಾಳೆ. ನಾನು ಇದರ ಬಗ್ಗೆ ಒಂದೂವರೆ ಪುಟ ಬರೆದಿದ್ದೆ, ಸಂಕೇತ ಅದು ಇದು ಎಂದು. ಬ್ಯಾಂಕಿನಲ್ಲಿದ್ದ ಗೆಳತಿ ‘ಒಡವೆ ಬಿಟ್ಟು ಚೊಂಬು ಒಯ್ದಳೇ? ಪೆದ್ದಿ’ ಎಂದು ಬರೆದಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಎಪ್ಪತ್ತು ದಾಟಿದವರು, ಬರೆದದ್ದು ಇಷ್ಟೇ: ‘ಅವಳು ಒಯ್ದದ್ದು ಸರಿ. ನಾನು ಒಯ್ಯಲಿಲ್ಲ.’

ನಲವತ್ತು ವರ್ಷಗಳಿಂದ ಅವರನ್ನು ಬಲ್ಲೆವು. ಅವರಿಗೆ ಮೊದಲೊಂದು ಮನೆಯಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಆ ಎದುರಿನ ಎಡಪುಟದಲ್ಲಿ ಏನು ಬರೆಯುವುದೆಂದು ಯಾರಿಗೂ ತೋಚಲಿಲ್ಲ. ಬ್ಯಾಂಕಿನ ಗೆಳತಿ ತನ್ನ ‘ಪೆದ್ದಿ’ಯನ್ನು ಹೊಡೆದುಹಾಕಿ ತಾರೀಖು ಹಾಕಿದ್ದಳು. ಇನ್ನೊಬ್ಬಳು ಪೆನ್ಸಿಲಿನಲ್ಲಿ ಒಂದು ಚೊಂಬಿನ ಚಿತ್ರ ಬರೆದಿದ್ದಳು, ಸೊಟ್ಟಗೆ. ನಾನು ನನ್ನ ಒಂದೂವರೆ ಪುಟವನ್ನು ಮತ್ತೆ ಓದಿಕೊಂಡು ನಾಚಿದೆ.

ಅಂಚೆ ಕಚೇರಿಯಲ್ಲಿ ಕೌಂಟರಿನ ಒಳಗೆ ಮೂವತ್ತು ವರ್ಷ ಕೂತವರು

ಬಸವನಗುಡಿಯ ಮೇಡಂ ಸಾಹಿತ್ಯ ಹೇಳಿದರು, ನಾನು ತೂಕ ಹೇಳುತ್ತೇನೆ.

ರಿಜಿಸ್ಟರ್ಡ್ ಪೋಸ್ಟ್ ಎಂದು ಹಳೆಯ ಅಭ್ಯಾಸದಲ್ಲಿ ಕೇಳಬೇಡಿ. 2025ರಲ್ಲಿ ಅದು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ಪುಸ್ತಕಗಳಿಗೆಂದೇ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅದಕ್ಕೂ ಮೊದಲೇ, 2024ರ ಡಿಸೆಂಬರ್‌ನಲ್ಲಿ ನಿಂತಿತು. ಈಗ ಜ್ಞಾನ ಪೋಸ್ಟ್ ಎಂಬುದೊಂದಿದೆ, 2025ರ ಮೇ 1ರಿಂದ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೋದರೆ 100 ರೂಪಾಯಿ, ತೆರಿಗೆ ಬೇರೆ. ಅಗ್ಗ ಎಂದು ಆಸೆಪಡಬೇಡಿ. ಅದು ಅಚ್ಚಾದ ಪುಸ್ತಕಕ್ಕೆ ಸಿಗುವ ರಿಯಾಯಿತಿ. ನಿಮ್ಮ ನೋಟುಪುಸ್ತಕ ಅಂಚೆಯ ಕಣ್ಣಿಗೆ ಪತ್ರ. ಹಿಂದೆ ಬುಕ್ ಪೋಸ್ಟ್ ಲಕೋಟೆಯ ತುದಿಯನ್ನು ಅಂಟಿಸದೆ ಬಿಡಬೇಕಿತ್ತು, ಒಳಗೆ ನೋಡಲಿಕ್ಕೆಂದು. ಪಂಚಾಂಗದ ನಡುವೆ ಹೆಣ್ಣು ನೋಡುವ ವಿಚಾರದ ಕಾಗದ ಸಿಕ್ಕಿಸಿ ಕಳಿಸುತ್ತಿದ್ದವರನ್ನು ನಾನು ಕಂಡಿದ್ದೇನೆ. ಕೆಲವು ಸಲ ಕಾಣದವನಂತೆ ಇದ್ದದ್ದೂ ಉಂಟು.

ನಿಮಗೆ ಹೊಂದುವುದು ಸ್ಪೀಡ್ ಪೋಸ್ಟ್. 2025ರ ಅಕ್ಟೋಬರ್ 1ರ ದರಪಟ್ಟಿಯಂತೆ 250 ಗ್ರಾಂ ದಾಟಿ 500 ಗ್ರಾಂವರೆಗಿನ ಕಟ್ಟಿಗೆ ಊರೊಳಗೆ 28 ರೂಪಾಯಿ, ಮೈಸೂರಿಗೆ 70, ಶಿವಮೊಗ್ಗಕ್ಕೆ 75, ಪುಣೆಗೆ 82. ಇದರ ಮೇಲೆ ತೆರಿಗೆ. 500 ಗ್ರಾಂ ಒಳಗೇ ನಿಲ್ಲಿಸಿಕೊಳ್ಳಿ. ಒಂದು ಗ್ರಾಂ ಹೆಚ್ಚಾದರೂ ದರ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಐದು ರೂಪಾಯಿ ಮತ್ತು ತೆರಿಗೆ ಹೆಚ್ಚಿಗೆ ಕೊಟ್ಟು ನೋಂದಣಿ ಮಾಡಿಸಿದರೆ ಕಟ್ಟು ವಿಳಾಸದಾರರ ಕೈಗೇ, ಇಲ್ಲವೇ ಅವರು ಒಪ್ಪಿಗೆ ಕೊಟ್ಟವರ ಕೈಗೇ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದು ಬೇಕೇ ಬೇಕು. ಕಾವಲಿನವರ ಮೇಜಿನ ಕೆಳಗೆ ಹದಿನೈದು ದಿನ ಮಲಗಿದ ಕಟ್ಟುಗಳಿಗೆ ಲೆಕ್ಕವಿಲ್ಲ.

ಇನ್ನು ವಿಳಾಸ. ‘5ನೇ ಕ್ರಾಸ್, 2ನೇ ಮೇನ್, ಗಣೇಶನ ದೇವಸ್ಥಾನದ ಎದುರು’ ಎಂದು ಬರೆದರೆ ಬೆಂಗಳೂರಿನ ಯಾವ ಬಡಾವಣೆಗೆ ಒಯ್ಯುವುದು? ಬ್ಲಾಕ್ ಅಥವಾ ಹಂತ ಬರೆಯಿರಿ, ಪಿನ್ ಕೋಡ್ ಬರೆಯಿರಿ. ವಿದ್ಯಾರಣ್ಯಪುರ 560097, ಬಸವನಗುಡಿ 560004. ಕೊನೆಯ ಮೂರು ಅಂಕಿ ಓದಿಕೊಂಡೇ ಕಟ್ಟು ಸರಿಯಾದ ಬಟವಾಡೆ ಕಚೇರಿಗೆ ಹೋಗುವುದು. ಕಾದಂಬರಿಯ ರಟ್ಟಿನ ಒಳಗೂ ಯಜಮಾನರ ವಿಳಾಸದ ಚೀಟಿ ಅಂಟಿಸಿ, ಹೊರಗಿನ ಕಾಗದ ಹರಿದರೂ ಮನೆ ಸೇರಬೇಕಲ್ಲ. ಮೊದಲು ಪ್ಲಾಸ್ಟಿಕ್, ಅದರ ಮೇಲೆ ಖಾಕಿ ಕಾಗದ. ಮಳೆ ಯಾವ ತಿಂಗಳಲ್ಲಿ ಬರುತ್ತದೆ ಎಂದು ಈ ಊರಿನಲ್ಲಿ ಕೇಳುವ ಹಾಗಿಲ್ಲ.

ರಾಜಾಜಿನಗರದಿಂದ

ನಮ್ಮದು ಐದನೆಯ ಮನೆಯಲ್ಲಿ ನಿಂತಿತು. ಪುಸ್ತಕ ಕಳೆಯಲಿಲ್ಲ, ಓದುಗರೇ ಕಳೆದರು. ‘ಓದುತ್ತಿದ್ದೇನೆ’ ಎನ್ನುತ್ತ ನಾಲ್ಕು ತಿಂಗಳು ಇಟ್ಟುಕೊಂಡರು. ಓದದೇ ಇದ್ದದ್ದಕ್ಕೆ ನಾಚಿಕೆ, ನಾಚಿಕೆಯಿಂದ ಕಳಿಸಲಿಲ್ಲ, ಕಳಿಸದ್ದಕ್ಕೆ ಇನ್ನಷ್ಟು ನಾಚಿಕೆ. ಆದ್ದರಿಂದ ಮೊದಲೇ ಹೇಳಿಬಿಡಿ: ಮೂರು ವಾರ ಗಡುವು, ಓದಿ ಮುಗಿಯದಿದ್ದರೂ ಕಳಿಸತಕ್ಕದ್ದು, ‘60ನೇ ಪುಟಕ್ಕೆ ನಿಲ್ಲಿಸಿದೆ’ ಎಂಬುದೂ ಪ್ರತಿಕ್ರಿಯೆಯೇ. ನಿಮ್ಮ ಆ ಗೆಳತಿಯನ್ನು ಕೊನೆಗೆ ಇಡಬೇಡಿ, ಪುಸ್ತಕ ಮರಳುವುದಿಲ್ಲ. ನಡುವೆ ಇಟ್ಟರೆ ಸುತ್ತು ಮುರಿಯುತ್ತದೆ. ಮೊದಲಿಗೇ ಇಡಿ. ಆಗ ಎಲ್ಲರಿಗೂ ಉತ್ಸಾಹವಿರುತ್ತದೆ, ಏಳು ಜನ ದಿನಾ ಫೋನ್ ಮಾಡುತ್ತಾರೆ.

ವಿಜಯನಗರದಿಂದ

ಊರೊಳಗೆ ಅಂಚೆ ಏಕೆ ಎಂದು ನಾವು ಬುದ್ಧಿವಂತಿಕೆ ಮಾಡಿದೆವು. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಎರಡೂ ಮೆಟ್ರೋ ಮಾರ್ಗಗಳು ಕೂಡುತ್ತವಲ್ಲ, ಅಲ್ಲಿ ಭೇಟಿಯಾಗಿ ಕೈಯಿಂದ ಕೈಗೆ ಕೊಡುವುದು ಎಂದುಕೊಂಡೆವು. ಕಾಫಿ ಕುಡಿಯುತ್ತ ಕಾದಂಬರಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದೆವು. ನೋಟುಪುಸ್ತಕ ಇವತ್ತಿಗೂ ಹೊಸದಾಗಿಯೇ ಇದೆ, ಮಗಳು ಲೆಕ್ಕ ಬರೆಯಲು ಒಯ್ದಳು. ಬಾಯಲ್ಲಿ ಹೇಳಿ ಮುಗಿದದ್ದನ್ನು ಮತ್ತೆ ಯಾರು ಬರೆಯುತ್ತಾರೆ? ಎದುರಿಗೆ ಯಾರೂ ಸಿಗಬಾರದು, ಆಗಲೇ ಕೈ ಬರೆಯುವುದು. ಅಂಚೆಯಲ್ಲೇ ಕಳಿಸಿ.

ಮಲ್ಲೇಶ್ವರದಿಂದ

ಅಧ್ಯಾಪಕಿಯವರ ಗುಂಡುಸೂಜಿ ನನಗೆ ಬಾಲ್ಯ ನೆನಪಿಸಿತು. ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರಿಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ‘ಕೊನೆಗೆ ಅವಳು ಸಾಯುತ್ತಾಳೆ’ ಎಂದು ಬರೆದಿರುತ್ತಿದ್ದರು. ಅದರ ಕೆಳಗೆ ಇನ್ನೊಬ್ಬರು ‘ಹೇಳಿದ್ದಕ್ಕೆ ನಿಮ್ಮ ಬಾಯಿಗೆ ಹುಳ ಬೀಳಲಿ’ ಎಂದು. ಮೂರನೆಯವರು ‘ಸಾಯುವುದಿಲ್ಲ, ಪೂರ್ತಿ ಓದಿ’ ಎಂದು. ಕಥೆಗಿಂತ ಇದನ್ನೇ ನಾವು ಮೊದಲು ಓದುತ್ತಿದ್ದೆವು. ಕಾಗದ ಬದಲಾಗಿದೆ, ಚಪಲ ಹಳೆಯದೇ.

ಅಂಚೆಯಲ್ಲಿ ಕಾದಂಬರಿ ಬರುವುದು ಕೂಡ ಹೊಸದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು. ನಮ್ಮ ತಂದೆ ಅದರ ಚಂದಾದಾರರಾಗಿದ್ದರು. ಪುಸ್ತಕದ ಕಟ್ಟು ಬಂದ ದಿನ ಅಪ್ಪ ಕಚೇರಿಯಿಂದ ಬರುವ ಮೊದಲೇ ಪಕ್ಕದ ಮನೆಯವರು ಅರ್ಧ ಓದಿರುತ್ತಿದ್ದರು.

ಮಹದೇವಪುರದಿಂದ

ಇದರ ಜಾಗತಿಕ ಅಣ್ಣನೊಂದಿದೆ, ತಿಳಿದಿರಲಿ. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಬುಕ್‌ಕ್ರಾಸಿಂಗ್. ಪ್ರತಿ ಪುಸ್ತಕಕ್ಕೂ ಒಂದು ಗುರುತುಸಂಖ್ಯೆ, ಓದಿದವರೆಲ್ಲ ಆ ಸಂಖ್ಯೆಯ ಕೆಳಗೆ ತಮ್ಮ ಅನಿಸಿಕೆ ದಾಖಲಿಸುತ್ತಾರೆ. ಓದುಗರಿಂದ ಓದುಗರಿಗೆ ಅಂಚೆಯಲ್ಲಿ ಸುತ್ತಿ ಕೊನೆಗೆ ಯಜಮಾನರಿಗೇ ಮರಳಿದರೆ ಅದು ‘ರಿಂಗ್’, ಮರಳದೆ ಕೊನೆಯವರ ಬಳಿ ಉಳಿದರೆ ‘ರೇ’. ನಿಮ್ಮದು ಯಾವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ನಮ್ಮ ಗುಂಪಿನಲ್ಲಿ ಹೀಗೆ ಕೇಳದೇ ಇದ್ದದ್ದಕ್ಕೆ ಕೊನೆಯ ಓದುಗ ಪುಸ್ತಕ ತನಗೇ ಕೊಟ್ಟಿದ್ದಾರೆಂದು ತಿಳಿದು ಹೆಸರು ಬರೆದು ಬೀರುವಿನಲ್ಲಿ ಇಟ್ಟುಬಿಟ್ಟ.

ಪುಸ್ತಕ ಕಳೆದರೆ ಅವೆನ್ಯೂ ರಸ್ತೆಯಲ್ಲಿ ಇನ್ನೊಂದು ಪ್ರತಿ ಸಿಕ್ಕೀತು. ನೋಟುಪುಸ್ತಕ ಕಳೆದರೆ ಮುಗಿಯಿತು. ನಮ್ಮದು ಒಮ್ಮೆ ಕೊರಿಯರ್‌ನಲ್ಲಿ ಮಾಯವಾಯಿತು, ನಾಲ್ಕು ಜನರ ಬರಹದೊಡನೆ. ಅದಕ್ಕೇ ಈಗ ಪ್ರತಿಯೊಬ್ಬರೂ ಕಟ್ಟು ಕಟ್ಟುವ ಮೊದಲು ತಮ್ಮ ಪುಟಗಳ ಫೋಟೊ ತೆಗೆದು ಇಟ್ಟುಕೊಳ್ಳುತ್ತೇವೆ. ಯಾರಿಗೂ ಕಳಿಸುವಂತಿಲ್ಲ, ಸುಮ್ಮನೆ ಇಟ್ಟುಕೊಳ್ಳುವುದು.

ನಿಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಮ್ಮ ಅಜ್ಜಿಗೆ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ನಾನು ರಾತ್ರಿ ಓದುತ್ತಿದ್ದೆ, ಅವರು ಕೇಳುತ್ತಿದ್ದರು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೆ. ಮೊದಲೆರಡು ದಿನ ತಿದ್ದಿ ಬರೆದೆ, ಅವರಿಗೆ ಓದಿ ಹೇಳಿದಾಗ ‘ಇದು ನಿನ್ನ ಮಾತು’ ಎಂದರು. ಆಮೇಲೆ ಗೊಣಗಿದ್ದನ್ನೂ ಬರೆದೆ. ನಾಯಕ ಊರಿಗೆ ಬರುವ ದೀರ್ಘ ಅಧ್ಯಾಯಕ್ಕೆ ಅಜ್ಜಿಯ ಪ್ರತಿಕ್ರಿಯೆ: ‘ಬಂದವನಿಗೆ ಕಾಲಿಗೆ ನೀರು ಕೊಡಲಿಲ್ಲ. ಬರೆದವನು ಗಂಡಸೇ ಇರಬೇಕು.’

ಮತ್ತೆ ವಿದ್ಯಾರಣ್ಯಪುರದಿಂದ

ಎಲ್ಲರಿಗೂ ನಮಸ್ಕಾರ. ನಿನ್ನೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕಾದಂಬರಿ 370 ಗ್ರಾಂ, ನೋಟುಪುಸ್ತಕ 240. ನೋಟುಪುಸ್ತಕದ ರಟ್ಟು ಕಿತ್ತು, ಅರ್ಧದಷ್ಟು ಹಾಳೆ ತೆಗೆದು, ಪ್ಲಾಸ್ಟಿಕ್ ಮತ್ತು ಖಾಕಿ ಕಾಗದ ಸುತ್ತಿದ ಮೇಲೆ 492ಕ್ಕೆ ನಿಂತಿತು. ಗುಂಡುಸೂಜಿಗಳನ್ನು ಸೇರಿಸಿಯೇ ತೂಗಿದ್ದೇನೆ. ನಮ್ಮದು ರಿಂಗ್, ಗಡುವು ಮೂರು ವಾರ, ‘ಚೆನ್ನಾಗಿದೆ’ ನಿಷೇಧ. ಎಡಪುಟ ಖಾಲಿ ಬಿಡಬೇಕೆಂದು ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದೇನೆ.

ಆ ಗೆಳತಿಯನ್ನೇ ಮೊದಲಿಗೆ ಇಟ್ಟಿದ್ದೇವೆ. ಫೋನ್ ಮಾಡಿ ತಿಳಿಸಿದಾಗ ಒಂದು ನಿಮಿಷ ಸುಮ್ಮನಿದ್ದು, ‘ಎಷ್ಟು ಪುಟ ಇದೆಯೇ?’ ಎಂದಳು.