ಶುಗರ್ ಇರುವವರಿಗೆ ಫ್ಲೂ ಮತ್ತು ವಿಟಮಿನ್ ಸಿ: ಚಿಕ್ಕಮ್ಮನಿಗೆ ಒಂದು ಉದ್ದನೆಯ ಉತ್ತರ

ಚಿಕ್ಕಮ್ಮ, ನೀವು ಗ್ರೂಪಿಗೆ ಹಾಕಿದ ಮೆಸೇಜ್ ನೋಡಿದೆ. ಶುಗರ್ ಇರುವವರು ದಿನಕ್ಕೆ ಮೂರು ಹೊತ್ತು ವಿಟಮಿನ್ ಸಿ 1000 ಎಂಜಿ, ಜೊತೆಗೆ ಜಿಂಕ್, ಮೇಲೆ ಎರಡು ಚಮಚ ಚ್ಯವನಪ್ರಾಶ ತಗೊಂಡರೆ ಫ್ಲೂ, ಕೊರೊನಾ ಹತ್ತಿರವೂ ಸುಳಿಯಲ್ಲ, ಇವೆಲ್ಲ ಆಂಟಿಆಕ್ಸಿಡೆಂಟ್ ಅಂತ ಅದರಲ್ಲಿದೆ. ಚಿಕ್ಕಪ್ಪನಿಗೆ ನಾಳೆಯಿಂದ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡ್ತಾ ಕೇಳಿಸಿಕೊಳ್ಳಿ.

ಆ ಮೆಸೇಜ್ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇಂಥ ವೈರಸ್ ಜ್ವರ ಬಂದರೆ ಜಾಸ್ತಿ ತೊಂದರೆ ಆಗುವುದು ನಿಜ. 2020ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳಲ್ಲಿ ಕೊರೊನಾದಿಂದ ತೀರಿಕೊಂಡವರ ಲೆಕ್ಕ ತೆಗೆದಾಗ, ಮೂವರಲ್ಲಿ ಒಬ್ಬರಿಗೆ ಶುಗರ್ ಇತ್ತು. ವಯಸ್ಸು, ಬಡತನ ಎಲ್ಲ ಹೊಂದಿಸಿ ನೋಡಿದರೂ ಟೈಪ್ 2 ಶುಗರ್ (ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುವುದು) ಇರುವವರಿಗೆ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇತ್ತು.

ಆಂಟಿಆಕ್ಸಿಡೆಂಟ್ ಮಾತೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಲೆಗೆ ಸೌದೆ ಜಾಸ್ತಿ ತುರುಕಿದರೆ ಹೊಗೆ ಏಳುತ್ತದಲ್ವಾ, ಹಾಗೇ ರಕ್ತದಲ್ಲಿ ಸಕ್ಕರೆ ಏರಿದಾಗ ಜೀವಕೋಶದೊಳಗೆ ಫ್ರೀ ರ್‍ಯಾಡಿಕಲ್ ಅನ್ನುವ ತುಂಟ ಕಣಗಳು ಜಾಸ್ತಿ ಆಗುತ್ತವೆ. ಅವನ್ನು ಅಡಗಿಸುವುದಕ್ಕೇ ಆಂಟಿಆಕ್ಸಿಡೆಂಟ್ ಅನ್ನುವುದು. ಗ್ಲುಟಾಥಯೋನ್ ಅಂತ ಒಂದನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ಅದೂ ಕಡಿಮೆ. ವಿಟಮಿನ್ ಸಿ ಕಥೆ ಇನ್ನೂ ಸ್ವಾರಸ್ಯ. ಅದರ ಒಂದು ರೂಪ ಜೀವಕೋಶದ ಒಳಗೆ ಹೋಗುವುದು ಸಕ್ಕರೆ ಹೋಗುವ ಬಾಗಿಲಿನಿಂದಲೇ. ಸಕ್ಕರೆ ಗುಂಪು ಗುಂಪಾಗಿ ನುಗ್ಗಿದರೆ ಇದಕ್ಕೆ ದಾರಿ ಸಿಗಲ್ಲ. ಅಂದರೆ ಎಷ್ಟೇ ಮಾತ್ರೆ ನುಂಗಿದರೂ ಮೊದಲು ಇಳಿಯಬೇಕಾದದ್ದು ಶುಗರ್.

ಮಾತ್ರೆ ಕೊಟ್ಟು ನೋಡಿದ್ದಾರಾ ಅಂದರೆ, ನೋಡಿದ್ದಾರೆ. ಇಂಥ ಮೆಸೇಜ್‌ಗಳ ಪರವಾಗಿ ಮಾತಾಡುವ ಒಂದು ಅಧ್ಯಯನ ನಿಜವಾಗಿಯೂ ಇದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. 130 ಜನರಿಗೆ ಒಂದು ವರ್ಷ, ಅರ್ಧ ಜನಕ್ಕೆ ಮಲ್ಟಿವಿಟಮಿನ್, ಉಳಿದ ಅರ್ಧಕ್ಕೆ ಡಮ್ಮಿ, ಅಂದರೆ ಔಷಧ ಇಲ್ಲದ ಮಾತ್ರೆ. ಅವರಲ್ಲಿ 51 ಜನಕ್ಕೆ ಶುಗರ್ ಇತ್ತು. ಶುಗರ್ ಇದ್ದು ಡಮ್ಮಿ ತಗೊಂಡವರಲ್ಲಿ ಶೇ 93 ಮಂದಿ ಆ ವರ್ಷ ಏನಾದರೊಂದು ಸೋಂಕು ಆಯಿತು ಅಂದರು. ಮಲ್ಟಿವಿಟಮಿನ್ ತಗೊಂಡವರಲ್ಲಿ ಬರೀ ಶೇ 17. ಕೇಳಿದರೆ ಯಾರಿಗಾದರೂ ಇವತ್ತೇ ಅಂಗಡಿಗೆ ಓಡಬೇಕು ಅನ್ನಿಸುತ್ತದೆ. ಆದರೆ ಗಮನಿಸಿ, ಶುಗರ್ ಇದ್ದವರು 51 ಜನ ಅಷ್ಟೇ. ಅವರಲ್ಲಿ ತುಂಬಾ ಮಂದಿಗೆ ಮೊದಲೇ ಪೋಷಕಾಂಶದ ಕೊರತೆ ಇತ್ತು. ಕೊರತೆ ಇದ್ದವರಿಗೆ ತುಂಬಿಸಿದರೆ ಅನುಕೂಲ ಆಗುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ. ಮತ್ತೆ ಅಲ್ಲಿ ಕೊಟ್ಟದ್ದು ದಿನಕ್ಕೊಂದು ಸಾಧಾರಣ ಮಲ್ಟಿವಿಟಮಿನ್, ಮೂರು ಸಾವಿರ ಎಂಜಿ ವಿಟಮಿನ್ ಸಿ ಅಲ್ಲ. 2005ರಲ್ಲಿ ಸ್ಕಾಟ್ಲೆಂಡಿನಲ್ಲಿ 65 ದಾಟಿದ 910 ಜನಕ್ಕೆ ಒಂದು ವರ್ಷ ಮಲ್ಟಿವಿಟಮಿನ್ ಕೊಟ್ಟು ನೋಡಿದಾಗ ಸೋಂಕಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಹಾಲೆಂಡಿನವರು ಇನ್ನೊಂದು ನೋಡಿದರು. 652 ವಯಸ್ಸಾದವರು, ವಿಟಮಿನ್ ಇ ಮಾತ್ರೆ, ದಿನಕ್ಕೆ 200 ಎಂಜಿ. ನೆಗಡಿ ಕೆಮ್ಮು ಬರುವುದು ಕಡಿಮೆ ಆಗಲಿಲ್ಲ. ಬಂದದ್ದು ಮಾತ್ರ ಜಾಸ್ತಿ ದಿನ ಕಾಡಿತು, ಸುಮಾರು 14 ದಿನದ ಬದಲು 19 ದಿನ. ಆಂಟಿಆಕ್ಸಿಡೆಂಟ್ ಅಂದರೆ ಒಳ್ಳೆಯದೇ ಮಾಡುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದಕ್ಕೆ ಇದನ್ನು ಹೇಳಿದೆ. ನಮ್ಮ ಬಿಳಿ ರಕ್ತಕಣಗಳು ಸೋಂಕನ್ನು ಕೊಲ್ಲುವುದಕ್ಕೂ ಅದೇ ತುಂಟ ಕಣಗಳನ್ನು ಬಳಸುತ್ತವೆ. ಎಲ್ಲವನ್ನೂ ಅಡಗಿಸಿಬಿಟ್ಟರೆ ಆಯುಧ ಎಲ್ಲಿಂದ ಬರಬೇಕು?

ಕೊರೊನಾ ಕಾಲದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ದಿನಕ್ಕೆ 8 ಗ್ರಾಂ ವಿಟಮಿನ್ ಸಿ, 50 ಎಂಜಿ ಜಿಂಕ್, ಎರಡೂ ಒಟ್ಟಿಗೆ, ಎರಡೂ ಇಲ್ಲದೆ ಅಂತ ಕೊರೊನಾ ಬಂದ 214 ಜನರನ್ನು ನಾಲ್ಕು ಗುಂಪು ಮಾಡಿ ನೋಡಿದರು. ಜನ ಬೇಗ ಹುಷಾರಾಗಲಿಲ್ಲ. ಪ್ರಯೋಜನ ಕಾಣುವುದಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿದರು. 2021ರ ಮೇ ಕೊನೆಯಲ್ಲಿ ನಮ್ಮ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯವೂ ಕೊರೊನಾ ಚಿಕಿತ್ಸೆಯ ಪಟ್ಟಿಯಿಂದ ಜಿಂಕ್, ಮಲ್ಟಿವಿಟಮಿನ್ ಎಲ್ಲ ತೆಗೆದುಹಾಕಿತು. ಅಷ್ಟರಲ್ಲಿ ನಮ್ಮೆಲ್ಲರ ಮನೆಯ ಡಬ್ಬಿಯಲ್ಲಿ ಲಿಮ್ಸೀ, ಜಿಂಕೋವಿಟ್ ತುಂಬಿ ತುಳುಕುತ್ತಿತ್ತು ಬಿಡಿ.

ನನಗೆ ಕುತೂಹಲ ಹುಟ್ಟಿಸುವುದು ಒಂದೇ, ಎನ್‌ಎಸಿ ಅಂತ. ಕಫ ಕರಗಿಸಲು ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ ಮಾತ್ರೆ ಇದೆಯಲ್ಲ, ಅದು. ದೇಹ ಗ್ಲುಟಾಥಯೋನ್ ಮಾಡಿಕೊಳ್ಳಲು ಬೇಕಾದ ಕಚ್ಚಾ ವಸ್ತುವನ್ನು ಅದು ಒದಗಿಸುತ್ತದೆ. 1997ರಲ್ಲಿ ಇಟಲಿಯಲ್ಲಿ 262 ಜನಕ್ಕೆ, ಹೆಚ್ಚಿನವರು ವಯಸ್ಸಾದವರು, ಆರು ತಿಂಗಳು ಕೊಟ್ಟರು. ಫ್ಲೂ ವೈರಸ್ ಎರಡೂ ಗುಂಪಿಗೆ ಒಂದೇ ಸಮ ತಗುಲಿತು. ಆದರೆ ತಗುಲಿದವರಲ್ಲಿ ಡಮ್ಮಿ ಗುಂಪಿನ ಶೇ 79 ಮಂದಿಗೆ ಜ್ವರ ಕೆಮ್ಮು ಕಾಣಿಸಿಕೊಂಡರೆ ಎನ್‌ಎಸಿ ಗುಂಪಿನಲ್ಲಿ ಶೇ 25ಕ್ಕೆ ಮಾತ್ರ. ಚೆನ್ನಾಗಿದೆ ಅಲ್ವಾ? ಆದರೂ ಒಂದು ಹಳೆಯ ಅಧ್ಯಯನ ಹಿಡಿದು ಚಿಕ್ಕಪ್ಪನಿಗೆ ಆರು ತಿಂಗಳು ಮಾತ್ರೆ ಕೊಡಲು ನಾನಂತೂ ಹೇಳಲ್ಲ. ಕೊರೊನಾ ಜೋರಾಗಿದ್ದವರಿಗೆ ಬ್ರೆಜಿಲ್‌ನಲ್ಲಿ ಡ್ರಿಪ್ ಮೂಲಕ ಅದನ್ನೇ ಜಾಸ್ತಿ ಡೋಸ್ ಕೊಟ್ಟಾಗ ಉಪಯೋಗ ಆಗಲಿಲ್ಲ.

ಈಗ ಬರುವುದು ನಿಜವಾಗಿಯೂ ಮುಖ್ಯ. ಪ್ರಸಾದ್, ನೀನೂ ಕೇಳಿಸ್ಕೋ, ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಅಂಟಿಸಿಕೊಂಡಿರುವವನು ನೀನೇ. ಶುಗರ್ ಮೀಟರಿನ ಪಟ್ಟಿಗೆ ರಕ್ತದ ಹನಿ ಮುಟ್ಟಿಸಿದಾಗ, ಪಟ್ಟಿಯ ತುದಿಯಲ್ಲಿರುವ ಎಂಜೈಮ್ ಸಕ್ಕರೆಯ ಜೊತೆ ಸೇರಿ ಒಂದು ಚೂರು ಕರೆಂಟ್ ಹುಟ್ಟಿಸುತ್ತದೆ. ಮೀಟರ್ ಅಳೆಯುವುದು ಆ ಕರೆಂಟನ್ನು. ವಿಟಮಿನ್ ಸಿ ಕೂಡ ಅಲ್ಲಿ ಕರೆಂಟ್ ಹುಟ್ಟಿಸಬಲ್ಲದು. ಮೀಟರಿಗೆ ಯಾವುದು ಸಕ್ಕರೆ, ಯಾವುದು ವಿಟಮಿನ್ ಅಂತ ಗೊತ್ತಾಗಲ್ಲ, ಎರಡನ್ನೂ ಕೂಡಿಸಿ ತೋರಿಸಿಬಿಡುತ್ತದೆ. ಒಂದೆರಡು ಮಾತ್ರೆಗೆ ಪಟ್ಟಿಯ ಮೀಟರಿನಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ, ಡ್ರಿಪ್‌ನಲ್ಲಿ ಗ್ರಾಂಗಟ್ಟಲೆ ಕೊಟ್ಟಾಗ ಭಾರಿ ಎಡವಟ್ಟು. ಆದರೆ ತೋಳಿನ ಕೆಲವು ಸೆನ್ಸರ್‌ಗಳ ಕಂಪನಿಯವರೇ ದಿನಕ್ಕೆ 500 ಎಂಜಿ ದಾಟಿದರೆ ರೀಡಿಂಗ್ ಸುಳ್ಳೇ ಜಾಸ್ತಿ ಬರಬಹುದು ಅಂತ ಬರೆದಿದ್ದಾರೆ. ಜ್ವರದಲ್ಲಿ ಮಲಗಿ ಸರಿಯಾಗಿ ಊಟ ಮಾಡದವನು ಆ ಸುಳ್ಳು ರೀಡಿಂಗ್ ನಂಬಿ ಇನ್ಸುಲಿನ್ ಜಾಸ್ತಿ ಹಾಕಿಕೊಂಡರೆ ಲೋ ಶುಗರ್ ಆಗಿ ಬೀಳುತ್ತಾನೆ. ಅದಕ್ಕೇ ನಿನ್ನ ಸೆನ್ಸರ್ ಡಬ್ಬಿಯೊಳಗಿನ ಚೀಟಿ ಒಂದ್ಸಲ ಓದು.

ಜಾಸ್ತಿ ವಿಟಮಿನ್ ಸಿ ಮೂತ್ರದಲ್ಲಿ ಆಕ್ಸಲೇಟ್ ಅನ್ನುವ ಕಲ್ಲು ಕಟ್ಟಿಸುವ ಅಂಶ ಏರಿಸುತ್ತದೆ, ಕಿಡ್ನಿ ಕಲ್ಲಿನ ಉಪದ್ರವ ಇರುವವರಿಗೆ ಒಳ್ಳೆಯದಲ್ಲ. ಚಿಕ್ಕಪ್ಪನಿಗೆ ಒಮ್ಮೆ ಕಲ್ಲು ಆಗಿತ್ತಲ್ವಾ. ಜಿಂಕ್ ತಿಂಗಳುಗಟ್ಟಲೆ ಜಾಸ್ತಿ ತಿಂದರೆ ದೇಹದಲ್ಲಿ ತಾಮ್ರ ಕಡಿಮೆ ಆಗುತ್ತದೆ. ಇನ್ನು ಚ್ಯವನಪ್ರಾಶ, ಬಾಟಲಿಯ ಹಿಂದೆ ಓದಿ, ಸಾಮಾನ್ಯ ಚ್ಯವನಪ್ರಾಶದಲ್ಲಿ ಅರ್ಧದ ಹತ್ತಿರ ಸಕ್ಕರೆಯೇ ಇರುತ್ತದೆ. 2020ರಲ್ಲಿ ಆಯುಷ್ ಸಚಿವಾಲಯ ದಿನಕ್ಕೆ 10 ಗ್ರಾಂ ಚ್ಯವನಪ್ರಾಶ ಹೇಳಿದಾಗಲೂ ಶುಗರ್ ಇರುವವರು ಸಕ್ಕರೆ ಇಲ್ಲದ್ದನ್ನು ತಗೊಳ್ಳಿ ಅಂತ ಅದೇ ಸಾಲಿನ ಪಕ್ಕ ಬರೆದಿತ್ತು. ಫಾರ್ವರ್ಡ್ ಮಾಡುವವರು ಆ ಸಾಲನ್ನೇ ಸರಿಯಾಗಿ ಕತ್ತರಿಸುತ್ತಾರೆ!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 80 ಎಂಜಿ ವಿಟಮಿನ್ ಸಿ ಸಾಕು, ಹೆಂಗಸರಿಗೆ 65. ಅಂದರೆ ಅರ್ಧ ಸೀಬೆಹಣ್ಣು, ಇಲ್ಲ ಒಂದು ಒಳ್ಳೆ ಗಾತ್ರದ ಬೆಟ್ಟದ ನೆಲ್ಲಿಕಾಯಿ. ನಿಮ್ಮ ನೆಲ್ಲಿಕಾಯಿ ತಂಬುಳಿ ಇದೆಯಲ್ಲ, ಅದನ್ನು ಧಾರಾಳವಾಗಿ ಮಾಡಿ, ನನಗೂ ಒಂದು ಡಬ್ಬಿ ಎತ್ತಿಡಿ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ, ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಶುಗರ್ ಇರುವವರಿಗೆ ಇದು ಯಾವ ಆಂಟಿಆಕ್ಸಿಡೆಂಟ್‌ಗಿಂತ ಮೊದಲು. ಜ್ವರ ಬಂದರೆ ಊಟ ಸೇರದಿದ್ದರೂ ಶುಗರ್ ಏರುತ್ತದೆ, ಅದಕ್ಕೇ ನಾಲ್ಕು ಗಂಟೆಗೊಮ್ಮೆ ನೋಡಿ. ನೀರು, ಗಂಜಿ, ಮಜ್ಜಿಗೆ ಸ್ವಲ್ಪ ಸ್ವಲ್ಪ ಕೊಡಿ. ಇನ್ಸುಲಿನ್ ಇರುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಮಂಕಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಹಳೇ ಚೀಟಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಇದೆ ಅಂತ ಕೆಮ್ಮಿಗೆ ತಾವೇ ನುಂಗುವುದಂತೂ ಬೇಡವೇ ಬೇಡ. 2021ರಲ್ಲಿ ಶುಗರ್ ಏರಿ ಕಪ್ಪು ಶಿಲೀಂಧ್ರ ಬಂದದ್ದು ನೆನಪಿದೆಯಲ್ಲ, ಅದರಲ್ಲಿ ಸ್ಟೀರಾಯ್ಡ್ ಪಾಲು ದೊಡ್ಡದು.

ಚಿಕ್ಕಪ್ಪನ ಈಗಿನ ಮಾತ್ರೆ ಚೀಟಿಯ ಫೋಟೋ ಕಳಿಸಿ, ಗ್ರೂಪಿಗೆ ಬೇಡ, ನನಗೆ ಒಬ್ಬಳಿಗೇ. ಡಾಪಾಗ್ಲಿಫ್ಲೋಜಿನ್ ಥರದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಶುಗರ್ ಮಾತ್ರೆ ಇದ್ದರೆ, ಜ್ವರ ಬಂದು ಊಟ ಬಿಟ್ಟಾಗ ಅದನ್ನು ನಿಲ್ಲಿಸಬೇಕಾ ಅಂತ ಈಗಲೇ ಅವರ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳೋಣ.